ವಾಚು ಫ್ರಿಜ್ಜಿನ ಮೇಲೇ ಇತ್ತು

ಪುಟ್ಟಿ,

ಸೋಮವಾರ ಬೆಳಿಗ್ಗೆ 5 ಗಂಟೆಗೆ ನಿನ್ನ ವಾಚು ಫ್ರಿಜ್ಜಿನ ಮೇಲೆ ಗುಂಯ್ ಅಂತ ನಡುಗಿತು. ನಿನ್ನನ್ನು ಓಡೋಕೆ ಎಬ್ಬಿಸುವ ಅಲಾರಂ. ಮರೆತು ಹೋದೆಯೋ, ಬೇಕೂಂತಲೇ ಬಿಟ್ಟು ಹೋದೆಯೋ ಗೊತ್ತಿಲ್ಲ. ದೀಪವನ್ನೂ ಹಾಕದೆ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ.

ಭಾನುವಾರ ನಾನು ಅಂದಿದ್ದನ್ನೆಲ್ಲ ಮತ್ತೆ ಬರೆಯುವುದಿಲ್ಲ. ತಟ್ಟೆ ಬಿಟ್ಟು ಎದ್ದು ರೈಲಿಗೆ ಹೋದೆಯಲ್ಲ, ಆ ಪಾಪ ನನ್ನದು.

ನಿನ್ನ ಎಂಆರ್‌ಐ ರಿಪೋರ್ಟು ನೋಡಿ ನನಗೆ ಹೆದರಿಕೆಯಾಯಿತು, ಪುಟ್ಟಿ. ಮೊಣಕಾಲ ಕೆಳಗಿನ ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ ಅಂತ ಇನ್ನೂ ಎರಡು ವಾರ ಓಡಿದೆ. ಇಂಥ ಬಿರುಕು ಮೊದಮೊದಲು ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು ಅನ್ನೋದು ನಿನಗೆ ಗೊತ್ತಿರಲಿಲ್ಲ, ಸರಿ. ನೋವು ಗೊತ್ತಾಗುತ್ತಿತ್ತು ಅಲ್ವಾ? ಯಾಕೆ ನಿಲ್ಲಿಸಲಿಲ್ಲ ಅಂದರೆ, "186 ದಿನ ಆಗಿತ್ತಮ್ಮ, ಒಂದು ದಿನವೂ ತಪ್ಪಿಸಿರಲಿಲ್ಲ" ಅಂದೆ. ಆ ಮಾತಿಗೇ ನಾನು ಅಷ್ಟು ಕೂಗಾಡಿದ್ದು. ಯಾಕೆ ಅಂತ ಹೇಳಬೇಕು.

ಓವಲ್ ಮೈದಾನಕ್ಕೆ ಹೋಗುತ್ತಿದ್ದದ್ದು ನಿನಗೆ ನೆನಪಿದೆ. ಹುಣಸೆಬೀಜಗಳೂ ನೆನಪಿರಬೇಕು. ಎಂಟು ಬೀಜ ಸೆರಗಿನ ತುದಿಗೆ ಕಟ್ಟಿಕೊಂಡು ಬರುತ್ತಿದ್ದೆ. ನೀನು ಒಂದು ಸುತ್ತು ಮುಗಿಸಿದರೆ ಒಂದು ಬೀಜ ಬಲಗೈಯಿಂದ ಎಡಗೈಗೆ. ನಿನಗೆ ಗೊತ್ತಿಲ್ಲದ್ದು ಒಂದಿದೆ. ಎಂಟನೇ ಕ್ಲಾಸಿನಲ್ಲಿ, ತಾಲ್ಲೂಕು ಕ್ರೀಡಾಕೂಟಕ್ಕೆ ಒಂದು ವಾರ ಇದ್ದಾಗ, ನೀನು ಮರದ ಬುಡದಲ್ಲಿ ವಾಂತಿ ಮಾಡಿಕೊಂಡೆಯಲ್ಲ, ಅವತ್ತು. ಬೆಳಿಗ್ಗೆ ಜಡೆ ಹಾಕುವಾಗಲೇ ನಿನ್ನ ಕತ್ತು ಬಿಸಿಯಿತ್ತು. ಗೊತ್ತಾದರೂ ಸುಮ್ಮನಿದ್ದೆ. ಎಂಟನೇ ಸುತ್ತು ಮುಗಿಸಿ ಬಂದು, ಮಂಡಿಯ ಮೇಲೆ ಕೈಯೂರಿ "ಮುಗೀತಾ ಅಮ್ಮ?" ಅಂದೆ. ಎಂಟೂ ಬೀಜ ನನ್ನ ಎಡಗೈಯಲ್ಲಿದ್ದವು. ಬಲಗೈ ಖಾಲಿ. ಖಾಲಿ ಮುಷ್ಟಿ ಬಿಗಿ ಹಿಡಿದು "ಇನ್ನೊಂದಿದೆ" ಅಂದೆ.

ನೀನು ನಂಬಿ ಓಡಿದೆ.

ರಾತ್ರಿ 102 ಜ್ವರ. ಕ್ರೀಡಾಕೂಟವೂ ತಪ್ಪಿತು. ಹಾಸಿಗೆಯಲ್ಲಿ ಮಲಗಿಕೊಂಡೇ "ನಾನು ಮಧ್ಯದಲ್ಲಿ ನಿಲ್ಲಿಸಲಿಲ್ಲ ಅಜ್ಜಿ" ಅಂತ ಹೇಳುತ್ತಿದ್ದೆ. ಬಾಗಿಲ ಹತ್ತಿರ ನಿಂತು ಕೇಳಿಸಿಕೊಂಡ ನನಗೆ ಹೆಮ್ಮೆಯಾಯಿತು. ಅದು ಇವತ್ತಿಗೂ ನನ್ನನ್ನು ಸುಡುತ್ತದೆ. ಯಾಕೆ ಹಾಗೆ ಅಂದೆ ಅಂತ ಎಷ್ಟೋ ಸಲ ಯೋಚಿಸಿದ್ದೇನೆ. ನೀನು ಗೆಲ್ಲಲಿ ಅಂತಲಾ? ಪಕ್ಕದಲ್ಲಿ ಬೇರೆ ಮಕ್ಕಳ ತಾಯಂದಿರು ನೋಡುತ್ತಿದ್ದರು ಅಂತಲಾ? ಎರಡೂ ಇರಬಹುದು. ಮುಷ್ಟಿ ಬಿಚ್ಚಿ ತೋರಿಸಿದ್ದರೆ ಆಗುತ್ತಿತ್ತು.

ಈಗ ನೀನು ಅಪ್ಪನಿಗೆ ಸಕ್ಕರೆ ಕಾಯಿಲೆಯ ಲೆಕ್ಕಕ್ಕೆ ಮಾಡಿಕೊಟ್ಟ ಪುಸ್ತಕ ನನ್ನ ಮುಂದಿದೆ. ಊಟಕ್ಕೆ ಮುಂಚೆ, ಊಟ ಆದಮೇಲೆ, ಎಷ್ಟು ನಡೆದರು ಅಂತ ಸ್ಕೇಲಿನಲ್ಲಿ ಗೆರೆ ಹೊಡೆದು ಕೊಟ್ಟೆ. "ಖಾಲಿ ಬಿಟ್ಟರೂ ಪರವಾಗಿಲ್ಲ, ಸುಳ್ಳು ಮಾತ್ರ ಬರೀಬೇಡಪ್ಪ" ಅಂದೆ. ಮೈಸೂರುಪಾಕು ತಿಂದ ದಿನ ಅವರು ಹೆದರಿದಾಗ ನೀನೇ ಬಿಡಿಸಿ ಹೇಳಿದೆ: ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ, ಅದಕ್ಕೇ ಎಚ್‌ಬಿಎ1ಸಿ ಅನ್ನೋ ರಕ್ತಪರೀಕ್ಷೆ ಎರಡು ಮೂರು ತಿಂಗಳ ಸಕ್ಕರೆಯ ಲೆಕ್ಕ ಹೇಳುತ್ತದೆ, ಒಂದು ದಿನದ್ದಲ್ಲ ಅಂತ. ಅವರದು 8.1 ಇದ್ದದ್ದು 6.9ಕ್ಕೆ ಬಂತು. ಈಗ ದಿನಾ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡೆಯುತ್ತಾರೆ, ಸಿಕ್ಕವರಿಗೆಲ್ಲ "ಮಗಳು ಹೇಳಿಕೊಟ್ಟಿದ್ದು" ಅನ್ನುತ್ತಾರೆ. ಅಪ್ಪನಿಗೆ ಕೊಟ್ಟ ಆ ರಿಯಾಯಿತಿ ನಿನಗೆ ನೀನು ಯಾಕೆ ಕೊಟ್ಟುಕೊಳ್ಳಲಿಲ್ಲ?

ಇನ್ನೊಂದು. ಮೂರು ತಿಂಗಳಿಂದ ಮುಟ್ಟಾಗಿಲ್ಲ, ಜಾಸ್ತಿ ಓಡಿದರೆ ಹಾಗೇ, ಒಳ್ಳೇದೇ ಆಯ್ತು ಅಂತ ನಕ್ಕೆ. ಒಳ್ಳೇದಲ್ಲ ಪುಟ್ಟಿ. ಓಡೋದಕ್ಕೆ ಬೇಕಾದಷ್ಟು ಊಟ ಹೋಗದಿದ್ದರೆ ಮೈ ಮೊದಲು ಇಂಥ ಕಡೆಯೇ ಉಳಿತಾಯ ಮಾಡುತ್ತದೆ. ಮುಟ್ಟು ನಿಲ್ಲುತ್ತದೆ, ಮೂಳೆ ಸವೆಯುತ್ತದೆ. ಕಾಲಿನ ಬಿರುಕಿಗೂ ಇದಕ್ಕೂ ಸಂಬಂಧ ಇರಬಹುದು. ಡಾಕ್ಟರಿಗೆ ಇದನ್ನು ಹೇಳಲೇಬೇಕು, ನಾಚಿಕೊಳ್ಳಬೇಡ. ರಕ್ತದಲ್ಲಿ ಕಬ್ಬಿಣದ ಅಂಶ ಎಷ್ಟಿದೆ, ವಿಟಮಿನ್ ಡಿ ಎಷ್ಟಿದೆ ಅಂತಲೂ ಕೇಳು. ರಾತ್ರಿ ಬರೀ ಸೌತೆಕಾಯಿ ತಿಂದು ಮಲಗಬೇಡ. ಹುರಿಹಿಟ್ಟು ಕಳಿಸುತ್ತೇನೆ, ಹಾಲಿಗೆ ಹಾಕಿಕೊಂಡು ಕುಡಿ. ಓಡದ ದಿನವೂ ಪುಸ್ತಕದಲ್ಲಿ ಏನಾದರೂ ಬರಿ: ಎಷ್ಟು ನಿದ್ದೆ, ಎಷ್ಟು ನೋವು, ಏನು ತಿಂದೆ, ಮುಟ್ಟಿನ ತಾರೀಖು. ಆರೆಂಟು ವಾರ ಆದಮೇಲೂ ಡಾಕ್ಟರು ಸರಿ ಅನ್ನುವ ತನಕ ಕಾಯಿ. ಆಮೇಲೂ ಮೊದಲು ನಡಿಗೆ, ಆಮೇಲೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಮತ್ತೆ ಪಾಠ ಶುರು ಮಾಡಿದೆ ಅನ್ನಬೇಡ. ಇಷ್ಟನ್ನಾದರೂ ಹೇಳದಿದ್ದರೆ ನನಗೆ ನಿದ್ದೆ ಬರೋದಿಲ್ಲ.

ಏಪ್ರಿಲ್‌ನ ಬೆಂಗಳೂರು 10ಕೆ, ಆ ಹತ್ತು ಕಿಲೋಮೀಟರ್ ಓಟ, ತಪ್ಪಿಹೋಯಿತು ಅಂತ ಎಷ್ಟು ಅತ್ತಿದ್ದೀಯ ಅಂತ ನಿನ್ನ ಕಣ್ಣು ನೋಡಿಯೇ ಗೊತ್ತಾಯಿತು. 2008ರಲ್ಲಿ ಮೊದಲ ಸಲ ಆ ಓಟ ನಡೆದಾಗ ನೀನು ಟೀವಿ ಮುಂದೆ ಕೂತು, ನಾನೂ ಒಂದು ದಿನ ಓಡ್ತೀನಿ ಅಂದಿದ್ದೆ. ಓಡು. ಓಡೋದನ್ನೇ ಬಿಟ್ಟುಬಿಡು ಅಂತ ಭಾನುವಾರ ಅಂದೆನಲ್ಲ, ಅದನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ನೀನು ಓಡೋದನ್ನು ನೋಡುವಷ್ಟು ಖುಷಿ ನನಗೆ ಬೇರೆ ಯಾವುದರಲ್ಲೂ ಇಲ್ಲ. ಆ ಒಂಬತ್ತನೇ ಸುತ್ತಿನಲ್ಲೂ ನಿನ್ನ ಹೆಜ್ಜೆ ಎಷ್ಟು ಚೆನ್ನಾಗಿ ಬೀಳುತ್ತಿತ್ತು ಗೊತ್ತಾ.

ಬುಧವಾರ ಡಾಕ್ಟರ ಹತ್ತಿರ ಹೋಗುವಾಗ ನಾನೂ ಬರಲಾ? ಒಳಗೆ ಬರೋದಿಲ್ಲ, ಹೊರಗೆ ಬೆಂಚಿನ ಮೇಲೆ ಕೂತಿರುತ್ತೇನೆ. ಬೇಡ ಅನ್ನಿಸಿದರೆ ಬೇಡ ಅಂತಲೇ ಹೇಳು.

ವಾಚನ್ನು ಟವೆಲಿನಲ್ಲಿ ಸುತ್ತಿ ಹುರಿಹಿಟ್ಟಿನ ಡಬ್ಬಿಯ ಪಕ್ಕ ಇಟ್ಟಿದ್ದೇನೆ. ಚಾರ್ಜರ್ ಸಿಗಲಿಲ್ಲ, ಮಂಚದ ಕೆಳಗೂ ನೋಡಿದೆ. ಅಲಾರಂ ತೆಗೆಯೋದು ಹೇಗೆ ಅಂತ ನನಗೆ ಗೊತ್ತಾಗಲಿಲ್ಲ. ಇವತ್ತೂ 5 ಗಂಟೆಗೆ ನಡುಗಿತು.

ಅಮ್ಮ