ಗ್ರಾಮಸಭೆ ನಡಾವಳಿಗೆ ಎಐ: ಶನಿವಾರ ಸೇರೋಣ

ಎಲ್ಲರಿಗೂ ನಮಸ್ಕಾರ. ಕುಮಟಾ ಸುತ್ತಿನ ಪಂಚಾಯ್ತಿಗಳು ಸೇರಿ ಎಐ ಬಳಸಿ ನೋಡುವ ಬಗ್ಗೆ ಮಾತಾಡಲು ಶನಿವಾರ 11ಕ್ಕೆ ತಾಲೂಕು ಪಂಚಾಯ್ತಿ ಸಭಾಂಗಣಕ್ಕೆ ಬನ್ನಿ.

ಕೇಂದ್ರದ ಪಂಚಾಯತ್ ರಾಜ್ ಸಚಿವಾಲಯ 2025ರ ಆಗಸ್ಟ್‌ನಲ್ಲಿ ತಂದ 'ಸಭಾಸಾರ್' ಎಂಬ ಎಐ ಸಾಧನ ಸಭೆಯ ರೆಕಾರ್ಡಿಂಗ್ ಕೇಳಿ ನಡಾವಳಿಯ ಕರಡು ಬರೆದುಕೊಡುತ್ತದೆ. ಅದರ ಹಿಂದಿರುವುದು ಭಾರತೀಯ ಭಾಷೆಗಳಿಗಾಗಿ ಕೇಂದ್ರ ಸರ್ಕಾರ ಮಾಡಿದ ಎಐ ವೇದಿಕೆ 'ಭಾಷಿಣಿ'. ನಮ್ಮ ಪೇಚು ಬೇರೆ. ಇಲ್ಲಿ ಒಬ್ಬರು ಹವಿಗನ್ನಡದಲ್ಲಿ ಶುರು ಮಾಡಿದ ಜಗಳವನ್ನು ಇನ್ನೊಬ್ಬರು ಕೊಂಕಣಿಯಲ್ಲಿ ಮುಗಿಸುತ್ತಾರೆ. ಯಂತ್ರ ಏನು ಬರೆದೀತೋ! ಅದಕ್ಕೇ ಒಂದೊಂದೇ ಪಂಚಾಯ್ತಿ ಒದ್ದಾಡುವ ಬದಲು ಕಾಲೇಜು, ಸೊಸೈಟಿ, ಮೀನುಗಾರರ ಸಂಘಗಳನ್ನೂ ಕರೆದಿದ್ದೇವೆ. ಹಳೆಯ ರೆಕಾರ್ಡಿಂಗ್ ಮೇಲೆ ಮೊದಲು ಪರೀಕ್ಷೆ. ಪಿಡಿಒ ಓದಿ ತಿದ್ದದ ಕರಡಿಗೆ ಸಹಿ ಇಲ್ಲ.

ಫಲಾನುಭವಿಗಳ ಆಧಾರ್ ಪಟ್ಟಿಯನ್ನು ಯಾವ ಉಚಿತ ಆ್ಯಪ್‌ಗೂ ಹಾಕಬೇಡಿ, ಈ ಗುಂಪಿಗೂ.

ಬರುವವರು ಇವತ್ತೇ ತಿಳಿಸಿ, ಚಹಾ-ಅವಲಕ್ಕಿಗೆ ಲೆಕ್ಕ ಬೇಕು.