ಹಾಡಿನ ನಂಬರ್ ಹಾಡಿದವರ ಕೈಯಲ್ಲಿ ಇರ್ಬೇಕು

ಸಂಪಾದಕರಿಗೆ ನಮಸ್ಕಾರ,

ಕೆಲವು ವರ್ಷದ ಹಿಂದೆ ನಮ್ಮ ಭಜನಾ ಮಂಡಳಿಯವರು ಆರು ದಾಸರ ಪದ ರೆಕಾರ್ಡ್ ಮಾಡಿ ಮ್ಯೂಸಿಕ್ ಆ್ಯಪ್‌ಗಳಿಗೆ ಹಾಕ್ಸಿದ್ದೆವು. ಮಂಗಳೂರಿನ ಒಂದು ಸ್ಟುಡಿಯೋದವರೇ ರೆಕಾರ್ಡಿಂಗೂ ಮಾಡಿ ಅಪ್ಲೋಡೂ ಮಾಡಿ ಕೊಟ್ಟಿದ್ರು, ನಾವು ಹಾಡಿದ್ದು ಮಾತ್ರ. ದುಬೈ, ಬಹರೈನ್‌ನಲ್ಲಿರುವ ನಮ್ಮೂರಿನವರೆಲ್ಲ ಬೆಳಿಗ್ಗೆ ದೀಪ ಹಚ್ಚುವಾಗ ಹಾಕಿ ಕೇಳ್ತಿದ್ರು, ಒಂದು ಹಾಡಂತೂ 70 ಸಾವಿರ ದಾಟಿತ್ತು. ಕಳೆದ ವರ್ಷ ಸ್ಟುಡಿಯೋದವರು ಡಿಸ್ಟ್ರಿಬ್ಯೂಟರ್ (ಅಂದ್ರೆ ಹಾಡುಗಳನ್ನು ಆ್ಯಪ್‌ಗಳಿಗೆ ತಲುಪಿಸುವ ಕಂಪನಿ) ಬದಲಾಯಿಸಿದ್ರು, ಹಳೇದನ್ನು ತೆಗ್ದು ಅದೇ ಹಾಡುಗಳನ್ನು ಹೊಸದಾಗಿ ಹಾಕಿದ್ರು, ನಾವು ನೋಡುವಾಗ ಎಲ್ಲಾ ಹಾಡೂ ಸೊನ್ನೆಯಲ್ಲಿ, ಜನ ತಮ್ಮ ಪ್ಲೇಲಿಸ್ಟಿಗೆ ಹಾಕಿಟ್ಟದ್ದೂ ಇಲ್ಲ. ಕೇಳಿದ್ರೆ "ಸಿಸ್ಟಮ್ಮೇ ಹಾಗೆ" ಅಂದ್ರು.

ಸಿಸ್ಟಮ್ ಹಾಗಿಲ್ಲ ಅಂತ ಆಮೇಲೆ ನಾನೇ ಕೂತು ಓದಿ ತಿಳ್ಕೊಂಡೆ. ನಮ್ಮ ಕರಾವಳಿಯಲ್ಲಿ ಇವತ್ತು ತುಳು ಆಲ್ಬಂ, ಕೊಂಕಣಿ ಹಾಡು, ಯಕ್ಷಗಾನದ ಪದ್ಯ, ದೇವಸ್ಥಾನದ ಭಕ್ತಿಗೀತೆ ಅಂತ ಎಷ್ಟೋ ಜನ ಕೈಯಿಂದ ದುಡ್ಡು ಹಾಕಿ ಮಾಡ್ತಿದ್ದಾರೆ, ಅವರಲ್ಲಿ ಹೆಚ್ಚಿನವರಿಗೆ ತಮ್ಮ ಹಾಡಿಗೆ ಒಂದು ನಂಬರ್ ಉಂಟು ಅಂತಲೇ ಯಾರೂ ಹೇಳಿರುದಿಲ್ಲ, ಅದಕ್ಕೆ ಈ ಪತ್ರ.

ಬಾರ್‌ಕೋಡ್ ಎಲ್ಲರಿಗೂ ಗೊತ್ತಿರುವಂಥದ್ದೇ. ಬಿಸ್ಕೆಟ್ ಪ್ಯಾಕೆಟಿನ ಹಿಂದೆ, ಸೀಡಿಯ ಹಿಂದೆ ಇರುವ ಕಪ್ಪು ಗೆರೆ, ಕೆಳಗೆ 13 ಅಂಕಿ, ಕಂಪನಿ ಆ ನಂಬರನ್ನು ಭಾರತದಲ್ಲಿ ತಗೊಂಡಿದ್ರೆ 890ರಿಂದ ಶುರು ಆಗ್ತದೆ. ಅಮೆರಿಕಾದ ಯುಪಿಸಿ ಅನ್ನುವ ಬಾರ್‌ಕೋಡಿನಲ್ಲಿ 12 ಅಂಕಿ, ಅದರ ಎದುರಿಗೆ ಒಂದು ಸೊನ್ನೆ ಹಾಕಿದ್ರೆ ಅದೇ 13 ಆಗ್ತದೆ. ಆನ್‌ಲೈನ್ ಆಲ್ಬಮ್ಮಿಗೆ ಗೆರೆ ಪ್ರಿಂಟ್ ಮಾಡ್ಲಿಕ್ಕೆ ಕವರೇ ಇಲ್ಲದಿದ್ರೂ ಈ ನಂಬರ್ ಬೇಕೇ ಬೇಕು, ಡಿಸ್ಟ್ರಿಬ್ಯೂಟರ್‌ಗಳು ಹೆಚ್ಚಾಗಿ ಪುಕ್ಕಟೆಯಾಗಿಯೇ ಕೊಡ್ತಾರೆ, ಯಾರಾದ್ರೂ ಬಾರ್‌ಕೋಡಿಗೆ ಅಂತ ಬೇರೆ ದುಡ್ಡು ಕೇಳಿದ್ರೆ ಕೊಡುವ ಮೊದಲು ಒಂದ್ಸಲ ವಿಚಾರಿಸಿ. ಆದ್ರೆ ಇದು ಇಡೀ ಆಲ್ಬಮ್ಮಿಗೆ ಒಂದೇ. ಒಳಗಿನ ಒಂದೊಂದು ಹಾಡಿನ ಲೆಕ್ಕ ಇದರಲ್ಲಿ ಬರುದಿಲ್ಲ.

ಆ ಲೆಕ್ಕಕ್ಕೆ ಇರುದು ಐಎಸ್‌ಆರ್‌ಸಿ (ಇಂಟರ್‌ನ್ಯಾಷನಲ್ ಸ್ಟ್ಯಾಂಡರ್ಡ್ ರೆಕಾರ್ಡಿಂಗ್ ಕೋಡ್), ಒಂದೊಂದು ರೆಕಾರ್ಡಿಂಗಿಗೆ ಒಂದೊಂದು ನಂಬರ್. ಇದು 12 ಅಕ್ಷರದ್ದು: ಮೊದಲಿಗೆ ಎರಡು ಇಂಗ್ಲಿಷ್ ಅಕ್ಷರ, ನಮ್ಮ ದೇಶದ ಕೋಡಾದ್ರೆ ಐ ಮತ್ತು ಎನ್, ಆಮೇಲೆ ಕೋಡ್ ಕೊಟ್ಟವರು ಯಾರು ಅನ್ನುವ ಗುರುತಿಗೆ ಮೂರು ಅಕ್ಷರ ಅಥವಾ ಅಂಕಿ, ವರ್ಷದ್ದು ಎರಡಂಕಿ, ಕೊನೆಗೆ ಐದಂಕಿ. ವರ್ಷ ಅಂದ್ರೆ ಕೋಡ್ ಕೊಟ್ಟ ವರ್ಷ, ಹಾಡಿದ ವರ್ಷ ಅಲ್ಲ, 1988ರ ಕ್ಯಾಸೆಟ್ಟಿನ ಹಾಡಿಗೆ 2025ರಲ್ಲಿ ಕೋಡ್ ತಗೊಂಡಿದ್ರೆ 25 ಅಂತಲೇ ಇರ್ತದೆ, ಅದು ತಪ್ಪಲ್ಲ. ಬಾರ್‌ಕೋಡಿನ ಕೊನೆಯ ಅಂಕಿ ಉಳಿದ ಅಂಕಿಗಳು ಸರಿ ಉಂಟಾ ನೋಡ್ಲಿಕ್ಕೆ ಇರುದು, ಐಎಸ್‌ಆರ್‌ಸಿಯಲ್ಲಿ ಅಂಥದ್ದು ಇಲ್ಲ, ಬರೆಯುವಾಗ ಎರಡಂಕಿ ಆಚೆ ಈಚೆ ಆದ್ರೆ ಕೋಡ್ ನೋಡಿ ಯಾರಿಗೂ ಗೊತ್ತಾಗುದಿಲ್ಲ. ಅದಕ್ಕೆ ಕೈಯಲ್ಲಿ ಬರ್ಕೊಳ್ಳುವವರು ಎರಡೆರಡು ಸಲ ನೋಡ್ಬೇಕು.

ನಮ್ಮಲ್ಲಿ ಜಾಗಕ್ಕೆ ಸರ್ವೆ ನಂಬರ್ ಇಲ್ವಾ, ಜಾಗ ಮಾರಿದ್ರೆ ಪಹಣಿಯಲ್ಲಿ ಹೆಸರು ಬದಲಾಗ್ತದೆ, ಸರ್ವೆ ನಂಬರ್ ಅದೇ ಇರ್ತದೆ. ಇದೂ ಹಾಗೆ, ಡಿಸ್ಟ್ರಿಬ್ಯೂಟರ್ ಬದಲಾಗ್ಲಿ, ಹಾಡಿನ ಹಕ್ಕೇ ಇನ್ನೊಬ್ಬರಿಗೆ ಮಾರಿ ಹೋಗ್ಲಿ, ಆ ರೆಕಾರ್ಡಿಂಗಿನ ಐಎಸ್‌ಆರ್‌ಸಿ ಬದಲಾಗ್ಬಾರ್ದು. ಹೊಸ ಡಿಸ್ಟ್ರಿಬ್ಯೂಟರಿನ ಫಾರ್ಮಲ್ಲಿ ಹಳೇ ಕೋಡ್ ಹಾಕ್ಲಿಕ್ಕೆ ಒಂದು ಕಾಲಂ ಇರ್ತದೆ, ಅದನ್ನು ಖಾಲಿ ಬಿಟ್ರೆ ಅವರು ಹೊಸ ಕೋಡ್ ಕೊಡ್ತಾರೆ, ಆಗ ಆ್ಯಪ್‌ಗಳ ಕಣ್ಣಿಗೆ ಅದು ಬೇರೆಯೇ ಹಾಡು. ನಮ್ಮ ಹಾಡುಗಳಿಗೆ ಆದದ್ದು ಇಷ್ಟೇ, ಒಂದು ಕಾಲಂ ಖಾಲಿ ಬಿಟ್ಟದ್ದು.

ಇದರ ಅರ್ಥ ಎಲ್ಲದಕ್ಕೂ ಒಂದೇ ಕೋಡ್ ಅಂತಲೂ ಅಲ್ಲ. ಅದೇ ರೆಕಾರ್ಡಿಂಗ್ ಸಿಂಗಲ್ ಆಗಿ ಬಂದು ಆಮೇಲೆ ಆಲ್ಬಮ್ಮಿಗೆ ಸೇರಿದ್ರೆ ಬಾರ್‌ಕೋಡ್ ಬೇರೆ, ಐಎಸ್‌ಆರ್‌ಸಿ ಅದೇ. ಆದ್ರೆ ಕರೋಕೆ ಮಾಡಿದ್ರೆ, ರೀಮಿಕ್ಸ್ ಮಾಡಿದ್ರೆ, ಅದೇ ರಾಗಕ್ಕೆ ತುಳು ಸಾಹಿತ್ಯ ಹಾಕಿ ಪುನಃ ಹಾಡಿದ್ರೆ ಬೇರೆ ಕೋಡ್, ವೀಡಿಯೋಗೂ ಬೇರೆ. ಯಕ್ಷಗಾನದವರಿಗೆ ಇದು ಹೆಚ್ಚು ಮುಖ್ಯ ಅಂತ ನನಗೆ ಕಾಣ್ತದೆ. ಒಬ್ಬರೇ ಭಾಗವತರು ಒಂದೇ ಪದ್ಯವನ್ನು ಮೂರು ಆಟದಲ್ಲಿ ಮೂರು ರೀತಿ ಹಾಡಿರ್ತಾರೆ, ಒಂದು ಕಡೆ ಚೆಂಡೆ ಬೇರೆಯವರದ್ದು, ಮದ್ದಳೆ ಬೇರೆಯವರದ್ದು, ಆ ಮೂರೂ ಬೇರೆ ಬೇರೆ ರೆಕಾರ್ಡಿಂಗ್, ಮೂರಕ್ಕೂ ಬೇರೆ ಬೇರೆ ಕೋಡ್ ಬೇಕು. ಮೂರು ಗಂಟೆಯ ತಾಳಮದ್ದಳೆ ಒಂದೇ ಟ್ರ್ಯಾಕ್ ಆಗಿ ಹಾಕಿದ್ರೆ ಒಂದು ಕೋಡ್, ಪದ್ಯ ಪದ್ಯ ಕಟ್ ಮಾಡಿ ಬಿಡುಗಡೆ ಮಾಡಿದ್ರೆ ತುಂಡಿಗೊಂದು. ಇದನ್ನೆಲ್ಲ ಗಮನಿಸದೆ ಹಾಕಿದ್ರೆ ಯಾವ ರಾತ್ರಿಯ ಹಾಡು, ಚೆಂಡೆಗೆ ಯಾರಿದ್ರು ಅಂತ ಇನ್ನು ಇಪ್ಪತ್ತು ವರ್ಷ ಕಳೆದ್ರೆ ಹೇಳುವವರು ಯಾರು?

ಸಾಹಿತ್ಯ, ಸ್ವರ ಸಂಯೋಜನೆಗೆ ಐಎಸ್‌ಡಬ್ಲ್ಯೂಸಿ ಅಂತ ಇನ್ನೊಂದು ಕೋಡ್ ಉಂಟು, ಹಾಡು ಬರೆದವರು, ಸ್ವರ ಹಾಕಿದವರು ತಮ್ಮ ರಾಯಲ್ಟಿ ವಸೂಲಿ ಮಾಡಿ ಕೊಡುವ ಐಪಿಆರ್‌ಎಸ್ ಅನ್ನುವ ಸಂಸ್ಥೆಗೆ ಸೇರಿ ಹಾಡನ್ನು ಅಲ್ಲಿ ನೋಂದಾಯಿಸುದೇ ಆ ಕೋಡಿಗೆ ದಾರಿ. ದಾಸರ ಪದಕ್ಕೆ ಸಾಹಿತ್ಯದ ರಾಯಲ್ಟಿ ಕೇಳುವವರು ಯಾರೂ ಇಲ್ಲ, ಕನಕದಾಸರ ಪದ ಎಲ್ಲರದ್ದೂ. ಆದ್ರೆ ನಾವು ಹಾಡಿದ ರೆಕಾರ್ಡಿಂಗಿಗೆ ನಮ್ಮ ಕಾನೂನಿನಲ್ಲಿ 60 ವರ್ಷದ ಹಕ್ಕು ಉಂಟು, ಅಷ್ಟು ವರ್ಷ ಅದನ್ನು ಗುರುತಿಸುವ ನಂಬರ್ ಸ್ಟುಡಿಯೋದವರ ಲ್ಯಾಪ್‌ಟಾಪಿನಲ್ಲಿ ಮಾತ್ರ ಇದ್ದರೆ ಹೇಗೆ?

ಸ್ಟುಡಿಯೋದವರಲ್ಲಿ ನನ್ನ ವಿನಂತಿ ಇಷ್ಟೇ, ಬಿಲ್ಲಿನ ಒಟ್ಟಿಗೆ ಒಂದು ಹಾಳೆಯಲ್ಲಿ ಹಾಡಿನ ಹೆಸರು, ಹಾಡಿದವರು, ನುಡಿಸಿದವರು, ಬಾರ್‌ಕೋಡ್, ಐಎಸ್‌ಆರ್‌ಸಿ ಬರ್ದು ಕೊಡಿ, ಹಾಡಿನ ಫೈಲಿನೊಳಗೆ ವಿವರ ಬರೆಯುವ ಟ್ಯಾಗಲ್ಲೂ ಕೋಡ್ ತುಂಬ್ಸಿ. ಭಾರತದಲ್ಲಿ ಐಎಸ್‌ಆರ್‌ಸಿ ವ್ಯವಸ್ಥೆ ನೋಡ್ಕೊಳ್ಳುದು ಇಂಡಿಯನ್ ಮ್ಯೂಸಿಕ್ ಇಂಡಸ್ಟ್ರಿ ಅನ್ನುವ ಸಂಸ್ಥೆ. ತುಳು ಸಾಹಿತ್ಯ ಅಕಾಡೆಮಿ, ಯಕ್ಷಗಾನ ಅಕಾಡೆಮಿಯವರು ಅವರಲ್ಲಿ ವಿಚಾರಿಸಿ ತಮ್ಮ ಹೆಸರಿನಲ್ಲೇ ಒಂದು ಗುರುತು ತಗೊಂಡ್ರೆ ವರ್ಷಕ್ಕೆ 1 ಲಕ್ಷ ರೆಕಾರ್ಡಿಂಗ್‌ಗೆ ಕೋಡ್ ಕೊಡ್ಬಹುದು, ಐದಂಕಿಯಲ್ಲಿ ಅಷ್ಟು ಹಿಡೀತದೆ, ಮನೆಮನೆಯ ಕಪಾಟಿನಲ್ಲಿ ಬೂಸ್ಟು ಹಿಡೀತಿರುವ ಆಟದ ಕ್ಯಾಸೆಟ್‌ಗಳಿಗೆ ಅದು ಧಾರಾಳ ಸಾಕು.

ಈಗಾಗ್ಲೇ ಹಾಡು ಹಾಕಿದವರು ಐಎಫ್‌ಪಿಐ ಅನ್ನುವ ರೆಕಾರ್ಡಿಂಗ್ ಕಂಪನಿಗಳ ಅಂತಾರಾಷ್ಟ್ರೀಯ ಸಂಸ್ಥೆಯವರ ಐಎಸ್‌ಆರ್‌ಸಿ ಹುಡುಕುವ ವೆಬ್‌ಸೈಟಲ್ಲಿ ಹೆಸರು ಹಾಕಿ ನೋಡಿ, ಪುಕ್ಕಟೆ. ನಮ್ಮ ಹಳೇ ಕೋಡುಗಳು ನನಗೆ ಅಲ್ಲೇ ಸಿಕ್ಕಿದ್ದು, ಆರರಲ್ಲಿ ಐದು. ಅವನ್ನು ಸ್ಟುಡಿಯೋದವರಿಗೆ ಕೊಟ್ಟು ಸರಿ ಮಾಡ್ಲಿಕ್ಕೆ ಹೇಳಿದ್ದೇವೆ, ಆರನೇದನ್ನು ಇನ್ನೂ ಹುಡುಕ್ತಾ ಇದ್ದೇನೆ.

– ಭಜನಾ ಮಂಡಳಿಯ ಒಬ್ಬ ಸದಸ್ಯ, ಬ್ರಹ್ಮಾವರ