ಮೂಳೆ ಬಯಾಪ್ಸಿ ವರದಿಯಲ್ಲಿ ಆಮ್ಲದ ಹೆಸರೂ ಇರಲಿ

ಮಾನ್ಯ ಸಂಪಾದಕರೇ,

ಸ್ತನ ಕ್ಯಾನ್ಸರ್ ಮೂಳೆಗೆ ಹಬ್ಬಿದವರ ಬಯಾಪ್ಸಿ ವರದಿಯಲ್ಲಿ ‘ಇಆರ್ ನೆಗೆಟಿವ್’ (ಈಸ್ಟ್ರೊಜೆನ್ ಹಾರ್ಮೋನಿನ ಗ್ರಾಹಕ ಇಲ್ಲ) ಎಂದು ಬಂದರೆ ಹಾರ್ಮೋನ್ ಚಿಕಿತ್ಸೆಯೇ ಕೈತಪ್ಪಿ ಹೋಗಬಹುದು. ಆ ನೆಗೆಟಿವ್ ಗಡ್ಡೆಯದೋ, ಮೂಳೆಯನ್ನು ಮೆದು ಮಾಡಲು ಬಳಸಿದ ಆಮ್ಲದ್ದೋ ಎಂಬುದು ವರದಿ ನೋಡಿದರೆ ಎಷ್ಟೋ ಸಲ ತಿಳಿಯುವುದಿಲ್ಲ. ಈ ಪತ್ರ ಅದರ ಬಗ್ಗೆ.

ಮೂಳೆಯನ್ನು ಹಾಗೇ ಮೇಣದಲ್ಲಿ ಕೂರಿಸಿ 4 ಮೈಕ್ರಾನ್ ತೆಳುವಾಗಿ ಕೊಯ್ಯಲು ಆಗದು; ಬ್ಲೇಡು ಹಲ್ಲು ಬಿದ್ದು ಹೋಗುತ್ತದೆ. ಹಾಗಾಗಿ ಮೊದಲು ಅಂಗಾಂಶವನ್ನು ಗಟ್ಟಿ ಮಾಡುವ ಫಾರ್ಮಲಿನ್‌ನಲ್ಲಿಟ್ಟು, ಆಮೇಲೆ ನೈಟ್ರಿಕ್ ಆಮ್ಲ, ಫಾರ್ಮಿಕ್ ಆಮ್ಲ ಅಥವಾ ಸುಣ್ಣವನ್ನು ಮೆಲ್ಲಗೆ ಹಿಡಿದೆಳೆಯುವ ಇಡಿಟಿಎ ದ್ರಾವಣದಲ್ಲಿ ಸುಣ್ಣಾಂಶ ತೆಗೆಯುತ್ತಾರೆ. ಸ್ಲೈಡಿನಲ್ಲಿ ಕಾಣುವ ವಿಚಿತ್ರ ಬಣ್ಣಗಳಲ್ಲಿ ಬಹುಪಾಲು ಹುಟ್ಟುವುದು ಈ ಹಂತದಲ್ಲೇ, ಬಣ್ಣ ಹಾಕುವಾಗ ಅಲ್ಲ.

ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವುದು ಇಡೀ ಸ್ಲೈಡು ಗುಲಾಬಿಯಾಗಿ ಕಾಣುವುದು. ಹೆಮಟಾಕ್ಸಿಲಿನ್ ಎಂಬ ಬಣ್ಣ ಜೀವಕೋಶದ ನ್ಯೂಕ್ಲಿಯಸ್ಸನ್ನು ನೀಲಿ ಮಾಡಬೇಕು. ಆಮ್ಲದಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಡಿಎನ್‌ಎ ಒಡೆದು ಕರಗುತ್ತದೆ, ನೀಲಿ ಹಿಡಿಯಲು ಅಲ್ಲಿ ಏನೂ ಉಳಿಯುವುದಿಲ್ಲ, ಗುಲಾಬಿ ಬಣ್ಣದ ಇಯೊಸಿನ್ ಮಾತ್ರ ಗಾಢವಾಗಿ ಕೂರುತ್ತದೆ. ಇದನ್ನು ಮೂಳೆ ಸತ್ತಿದೆ ಎಂದು ಓದುವ ಅಪಾಯವಿದೆ, ಏಕೆಂದರೆ ಸತ್ತ ಮೂಳೆಯಲ್ಲೂ ಆಸ್ಟಿಯೊಸೈಟ್ (ಮೂಳೆಕೋಶ) ಕುಳಿಗಳು ಖಾಲಿ ಕಾಣುತ್ತವೆ. ಬೇರ್ಪಡಿಸಲು ಪಕ್ಕದ ರಕ್ತನಾಳದ ಒಳಪದರ ಮತ್ತು ಮಜ್ಜೆಯ ಕೋಶಗಳನ್ನು ನೋಡಬೇಕು. ಅವುಗಳ ನ್ಯೂಕ್ಲಿಯಸ್ ನೀಲಿಯಾಗಿದ್ದು, ಮೂಳೆಯ ಕುಳಿಗಳು ಮಾತ್ರ ಸಾಲುಸಾಲಾಗಿ ಖಾಲಿಯಿದ್ದರೆ ಅದು ನಿಜವಾದ ನೆಕ್ರೋಸಿಸ್ (ಅಂಗಾಂಶದ ಸಾವು) ಇರಬಹುದು. ಎಲ್ಲವೂ ಒಂದೇ ಸಮನೆ ಮಸುಕಾಗಿದ್ದರೆ ಆಮ್ಲದ ಕೆಲಸ. ಮಜ್ಜೆಯೂ ಸತ್ತ ತೊಡೆಮೂಳೆಯ ತಲೆಯಲ್ಲಿ ಈ ಹೋಲಿಕೆ ಸಾಲದು. ಆಗ ಅದೇ ತುಣುಕಿನ ಅಂಚಿನಲ್ಲಿರುವ ಜೀವಂತ ಅಂಗಾಂಶವನ್ನು ಹುಡುಕಿ ಅಳೆಯಬೇಕು. ಹೆಮಟಾಕ್ಸಿಲಿನ್‌ನಲ್ಲಿ ಎರಡು ಮೂರು ಪಟ್ಟು ಹೊತ್ತು ಇಟ್ಟರೆ ಚೂರು ನೀಲಿ ಮರಳಬಹುದು. ಹೋದ ಡಿಎನ್‌ಎ ಮರಳುವುದಿಲ್ಲ.

ಇದಕ್ಕೆ ತದ್ವಿರುದ್ಧ, ಕಡುನೀಲಿ ಗಂಟುಗಳು. ಸುಣ್ಣಾಂಶ ಪೂರ್ತಿ ಹೋಗದಿದ್ದರೆ ಹೆಮಟಾಕ್ಸಿಲಿನ್ ಅದಕ್ಕೆ ಅಂಟುತ್ತದೆ, ಜೊತೆಗೆ ಕೊಯ್ತದಲ್ಲಿ ಗೆರೆ, ಹರುಕು ಕಾಣುತ್ತವೆ. ಗರಗಸದ ಪುಡಿ ಮೇಲ್ಮೈಗೆ ಮೆತ್ತಿಕೊಂಡರೂ ನೀಲಿ ಚುಕ್ಕಿಗಳೇ. ಅವು ಅಂಗಾಂಶದ ಒಳಗಿರದೆ ಅಂಚಿನಲ್ಲೇ ಸಾಲುಗಟ್ಟಿರುತ್ತವೆ. ಕತ್ತರಿಸಿದ ಮೇಲೆ ಬ್ರಷ್ಷಿನಿಂದ ತೊಳೆದು, ಮೇಣದ ದಿಮ್ಮಿಯಲ್ಲಿ ಮೊದಲ ಒಂದಷ್ಟು ಪದರ ಬಿಟ್ಟು ಕೊಯ್ದರೆ ಇದು ತಪ್ಪುತ್ತದೆ.

ಮಜ್ಜೆಯ ಕಬ್ಬಿಣಾಂಶ ನೋಡುವ ಪರ್ಲ್ಸ್ ಬಣ್ಣದ ವಿಷಯ ಇನ್ನೂ ಸೂಕ್ಷ್ಮ. ಆಮ್ಲವು ಸುಣ್ಣದ ಜೊತೆಗೆ ಕಬ್ಬಿಣವನ್ನೂ ಕರಗಿಸಿ ಒಯ್ಯುತ್ತದೆ. ರಕ್ತಹೀನತೆ ಇರುವವರ ಟ್ರೆಫೈನ್ ತುಣುಕಿನಲ್ಲಿ (ದಪ್ಪ ಸೂಜಿಯಿಂದ ತೆಗೆದ ಮೂಳೆ-ಮಜ್ಜೆಯ ಕಡ್ಡಿ) ನೀಲಿ ಕಾಣದಿದ್ದರೆ ‘ಕಬ್ಬಿಣದ ದಾಸ್ತಾನು ಇಲ್ಲ’ ಎಂದು ಬರೆಯುವ ಮೊದಲು ನಿಲ್ಲಬೇಕು. ಹೋಲಿಕೆಗೆ ಇಟ್ಟ ಕಂಟ್ರೋಲ್ ಸ್ಲೈಡು ಚೆನ್ನಾಗಿ ನೀಲಿ ಬಂದಿದೆ ಎಂಬ ಸಮಾಧಾನ ಇಲ್ಲಿ ನಡೆಯದು. ಆ ಕಂಟ್ರೋಲ್ ಸಾಮಾನ್ಯವಾಗಿ ಯಕೃತ್ತಿನ ತುಣುಕು. ಅದು ಆಮ್ಲವನ್ನು ಕಂಡೇ ಇಲ್ಲ. ರೋಗಿಯ ತುಣುಕು ಹಾದ ದಾರಿಯಲ್ಲೇ ಹಾದ ಅಂಗಾಂಶ ಮಾತ್ರ ಸಾಕ್ಷಿಯಾಗಬಲ್ಲದು. ಇಆರ್, ಕೋಶ ವಿಭಜನೆಯ ವೇಗ ತೋರಿಸುವ ಕೆಐ-67ರಂಥ ಇಮ್ಯುನೊ ಬಣ್ಣಗಳಿಗೂ (ಪ್ರತಿಕಾಯ ಬಳಸಿ ಪ್ರೋಟೀನು ಗುರುತಿಸುವ ಪರೀಕ್ಷೆ) ಇದೇ ಮಾತು; ಆಮ್ಲ ಆ ಗುರುತುಗಳನ್ನೂ ಅಳಿಸಬಹುದು. ಕಬ್ಬಿಣಕ್ಕಾದರೆ ಸೂಜಿಯಿಂದ ಹೀರಿದ ಮಜ್ಜೆಯನ್ನು ಗಾಜಿನ ಮೇಲೆ ಸವರಿದ ಸ್ಮಿಯರ್ ನೋಡುವುದೇ ಸರಿ, ಅದಕ್ಕೆ ಆಮ್ಲದ ಸೋಂಕಿಲ್ಲ.

ಮಜ್ಜೆಯಲ್ಲಿ ಕಂದು ಕಪ್ಪು ಕಾಳುಗಳು ಕಂಡರೆ ಮಲೇರಿಯಾದ ವರ್ಣದ್ರವ್ಯ ಎಂದು ಅನಿಸುವುದು ಸಹಜ, ಅದರಲ್ಲೂ ಮಂಗಳೂರಿನ ಕಡೆಯಿಂದ ಬಂದ ಮಾದರಿಯಾದರೆ. ಫಾರ್ಮಲಿನ್ ಹಳತಾಗಿ ಆಮ್ಲೀಯವಾದರೂ ರಕ್ತದೊಂದಿಗೆ ಸೇರಿ ಇಂಥದೇ ಕಾಳು ಕೊಡುತ್ತದೆ. ಎರಡೂ ಧ್ರುವೀಕೃತ ಬೆಳಕಿನಲ್ಲಿ ಹೊಳೆಯುತ್ತವೆ, ಎರಡನ್ನೂ ಆಲ್ಕೋಹಾಲಿನಲ್ಲಿ ಕರಗಿಸಿದ ಪಿಕ್ರಿಕ್ ಆಮ್ಲ ತೆಗೆಯುತ್ತದೆ, ಹೀಗಾಗಿ ಬರೀ ರಾಸಾಯನಿಕ ಪರೀಕ್ಷೆ ಸಾಲದು. ಫಾರ್ಮಲಿನ್ ಕಾಳು ಎಲ್ಲೆಂದರಲ್ಲಿ, ಕೋಶಗಳ ಹೊರಗೂ ಮೇಲೂ ಚೆಲ್ಲಿರುತ್ತದೆ. ಮಲೇರಿಯಾದ್ದು ಪರಾವಲಂಬಿಯ ಒಳಗೆ, ಅದನ್ನು ನುಂಗಿದ ಕೋಶಗಳ ಒಳಗೆ ಇರುತ್ತದೆ. ರಕ್ತದ ಸ್ಮಿಯರ್ ನೋಡಿಯೇ ತೀರ್ಮಾನಿಸಬೇಕು. ಬಫರ್ ಮಾಡಿದ, ಪಿಎಚ್ 7ರ ಆಸುಪಾಸಿನ ಫಾರ್ಮಲಿನ್ ಬಳಸಿದರೆ ಈ ಗೊಂದಲ ಬಹುಮಟ್ಟಿಗೆ ಇರುವುದಿಲ್ಲ.

ಕೊಲಾಜನ್ ಎಂಬ ನಾರಿನಂಥ ಪ್ರೋಟೀನು ತೋರಿಸುವ ಮ್ಯಾಸನ್ ಟ್ರೈಕ್ರೋಮ್‌ನಲ್ಲಿ ನೀಲಿಯಾಗಬೇಕಾದ ಬಲಿತ ಮೂಳೆ ಅಲ್ಲಲ್ಲಿ ಕೆಂಪಾಗುವುದು ರೋಗವಲ್ಲ. ಕೊಲಾಜನ್ ಒತ್ತೊತ್ತಾಗಿರುವ ಕಡೆ ದೊಡ್ಡ ಕಣದ ನೀಲಿ ಬಣ್ಣ ಒಳಹೊಕ್ಕಲಾರದು, ಸಣ್ಣ ಕಣದ ಕೆಂಪು ಉಳಿದುಬಿಡುತ್ತದೆ. ಸುಣ್ಣಾಂಶ ತೋರಿಸುವ ಬೆಳ್ಳಿ ಬಣ್ಣ ವಾನ್ ಕೋಸಾ ಏನೂ ತೋರಿಸದಿದ್ದರೆ ಮೊದಲು ಕೇಳಬೇಕಾದ್ದು ಸುಣ್ಣ ತೆಗೆದ ತುಣುಕಿಗೆ ಅದನ್ನು ಹಾಕಿದರೇ ಎಂದು. ಬೆಳ್ಳಿ ಹಿಡಿಯುವುದು ಕ್ಯಾಲ್ಸಿಯಂ ಲವಣದ ಫಾಸ್ಫೇಟನ್ನು, ಅದು ಆಗಲೇ ಹೋಗಿರುತ್ತದೆ.

ಪರಿಹಾರ ದುಬಾರಿಯಲ್ಲ, ತಾಳ್ಮೆ ಬೇಕು. ಮೂಳೆಯನ್ನು 3ರಿಂದ 5 ಮಿ.ಮೀ. ದಪ್ಪಕ್ಕೆ ಸೀಳಿ, ಆಮ್ಲಕ್ಕೆ ಮೊದಲು ಫಾರ್ಮಲಿನ್‌ನಲ್ಲಿ ಕನಿಷ್ಠ 24 ಗಂಟೆ ಇಡಬೇಕು. ಸರಿಯಾಗಿ ಗಟ್ಟಿಯಾಗದ ಅಂಗಾಂಶವನ್ನು ಆಮ್ಲ ಬೇಗ ತಿನ್ನುತ್ತದೆ. ಇಮ್ಯುನೊ ಅಥವಾ ಜೀನ್ ಪರೀಕ್ಷೆ ಬೇಕಾಗಬಹುದಾದ ತುಣುಕಿಗೆ ಇಡಿಟಿಎ ಬಳಸಲಿ: ಒಂದು ಲೀಟರಿಗೆ 140 ಗ್ರಾಂ, ಪಿಎಚ್ 7.2ರಿಂದ 7.4. ಪುಡಿ ನೀರಿನಲ್ಲಿ ಸುಲಭವಾಗಿ ಕರಗದು. ಸೋಡಿಯಂ ಹೈಡ್ರಾಕ್ಸೈಡ್ ಸೇರಿಸುತ್ತಾ ಹೋದಂತೆ ತಿಳಿಯಾಗುತ್ತದೆ. ತೆಳು ಟ್ರೆಫೈನ್ ತುಣುಕಿಗೆ ಒಂದೆರಡು ದಿನ ಸಾಕು, ದಪ್ಪ ಮೂಳೆಗೆ ವಾರಗಳು ಬೇಕು. ಆಮ್ಲವನ್ನೇ ಬಳಸುವುದಾದರೆ ಗಡಿಯಾರ ನೋಡಿ ತೆಗೆಯದೆ ಪರೀಕ್ಷಿಸಿ ತೆಗೆಯಬೇಕು. ಬಳಸಿದ ದ್ರಾವಣ 5 ಮಿ.ಲೀ. ತೆಗೆದು, ಲಿಟ್ಮಸ್ ನೋಡಿಕೊಂಡು ಅಮೋನಿಯ ಹನಿಸಿ ತಟಸ್ಥಗೊಳಿಸಿ, 5 ಮಿ.ಲೀ. ಸಂತೃಪ್ತ ಅಮೋನಿಯಂ ಆಕ್ಸಲೇಟ್ ಹಾಕಿ ಅರ್ಧ ಗಂಟೆ ಬಿಡಿ. ಬಿಳಿ ಮೋಡ ಕಟ್ಟಿದರೆ ಸುಣ್ಣ ಇನ್ನೂ ಇಳಿಯುತ್ತಿದೆ ಎಂದರ್ಥ. ಆಗ ಹೊಸ ಆಮ್ಲ ಹಾಕಿ ಮತ್ತೆ ಕಾಯಬೇಕು. ತಿಳಿಯಾಗಿದ್ದರೆ ಅದೇ ದಿನ ಹೊರತೆಗೆದು ತೊಳೆಯಬೇಕು. ಶನಿವಾರ ಸಂಜೆ ಆಮ್ಲಕ್ಕೆ ಹಾಕಿ ಸೋಮವಾರ ಬಂದು ನೋಡುವ ರೂಢಿಯಿಂದಲೇ ಎಷ್ಟೋ ತುಣುಕುಗಳು ಹಾಳಾಗುತ್ತವೆ.

ಪ್ರಯೋಗಾಲಯಗಳಲ್ಲಿ ನಮ್ಮ ಕೋರಿಕೆ ಒಂದು ಸಾಲಿನದು: ಮೂಳೆಯ ವರದಿಯಲ್ಲಿ ಯಾವ ದ್ರಾವಣ, ಎಷ್ಟು ಗಂಟೆ ಎಂದು ನಮೂದಿಸಿ. ಆಮ್ಲದಲ್ಲಿ ನೆನೆದ ತುಣುಕಿನ ನೆಗೆಟಿವ್ ಫಲಿತಾಂಶವಾದರೆ ಅದನ್ನೂ ಬರೆಯಿರಿ. ಇನ್ನೊಂದು ಊರಿನಲ್ಲಿ ಅದೇ ದಿಮ್ಮಿಯನ್ನು ಮರುಪರೀಕ್ಷೆ ಮಾಡುವ ವೈದ್ಯರಿಗೆ ಇದರಷ್ಟು ಉಪಯುಕ್ತ ಮಾಹಿತಿ ಬೇರೊಂದಿಲ್ಲ. ಶಸ್ತ್ರಚಿಕಿತ್ಸಕರೂ ಮೂಳೆಯ ಜೊತೆ ಸಿಕ್ಕಿದ ಮೆದು ಅಂಗಾಂಶವನ್ನು ಬೇರೆಯಾಗಿ ಕಳಿಸಿದರೆ ಅದನ್ನು ಆಮ್ಲಕ್ಕೆ ಹಾಕದೆ ನೇರ ಮೇಣಕ್ಕೆ ಒಯ್ಯಬಹುದು. ಬೆನ್ನುಮೂಳೆಯ ಕ್ಷಯದ ಅನುಮಾನವಿದ್ದರೆ ಒಂದು ಚೂರನ್ನು ಫಾರ್ಮಲಿನ್ ಸೋಕಿಸದೆ, ಸ್ಟೆರೈಲ್ ಸಲೈನ್ ಇರುವ ಬಾಟಲಿಯಲ್ಲಿ ಕಲ್ಚರ್ (ರೋಗಾಣು ಬೆಳೆಸಿ ನೋಡುವುದು) ಮತ್ತು ಸಿಬಿನಾಟ್ (ಕ್ಷಯದ ರೋಗಾಣುವಿನ ಡಿಎನ್‌ಎ ಹುಡುಕುವುದು) ಪರೀಕ್ಷೆಗೆ ಅದೇ ದಿನ ಕಳಿಸಬೇಕು.

ಇಂತಿ,
ಹಿಸ್ಟೊಪೆಥಾಲಜಿ ಪ್ರಯೋಗಾಲಯದ ಓದುಗರು, ದಾವಣಗೆರೆ